ಬಿಟ್ಟ ಬಾಣದ ಹಿಂದೆ



ಸತ್ಯವೇದದಲ್ಲಿ ಬಿಲ್ಲುಗಾರರಿಗೆ ಬರವಿಲ್ಲ. ನಿಮ್ರೋದನು ಬಲಿಷ್ಠ ಬೇಟೆಗಾರನೆಂದು ಹೆಸರಾದನು. ಇಷ್ಮಾಯೇಲನು ಅಡವಿಯಲ್ಲಿ ಬೆಳೆದು ಬಿಲ್ಲುವಿದ್ಯೆ ಕಲಿತನು. ಕಣ್ಣು ಮಂಜಾದ ಇಸಾಕನು ಹಿರಿಯ ಮಗನನ್ನು ಹತ್ತಿರ ಕರೆದು, ಬಿಲ್ಲು ಬತ್ತಳಿಕೆ ತೆಗೆದುಕೊಂಡು ಹೋಗಿ ಬೇಟೆಮಾಂಸ ತರಲು ಹೇಳಿದನು. ಯೋನಾತಾನನು ಗೆಳೆಯನ ಪ್ರಾಣ ಉಳಿಸಲಿಕ್ಕೆ ಬಾಣ ಬಿಟ್ಟನು, ಬಿಟ್ಟ ಬಾಣವನ್ನು ಹುಡುಕಿ ತರಲು ಹುಡುಗನನ್ನೂ ಓಡಿಸಿದನು. ಇವರೆಲ್ಲರ ನಡುವೆ ಹೆಸರೇ ಇಲ್ಲದ ಒಬ್ಬ ಬಿಲ್ಲುಗಾರನಿದ್ದಾನೆ. ಅರಸುಗಳ ಮೊದಲನೆಯ ಪುಸ್ತಕದ 22ನೆಯ ಅಧ್ಯಾಯದಲ್ಲಿ ಅವನಿಗೆ ಸಿಕ್ಕಿರುವುದು ಅರ್ಧ ವಾಕ್ಯ. ರಾಮೋತ್ ಗಿಲ್ಯಾದಿನ ಯುದ್ಧದಲ್ಲಿ ಅವನು ಇಂಥವನಿಗೆಂದು ಗುರಿಯಿಡದೆ ಸುಮ್ಮನೆ ಬಿಲ್ಲೆಳೆದನು. ಆ ಬಾಣ ವೇಷ ಮರೆಸಿಕೊಂಡಿದ್ದ ಅಹಾಬ ಅರಸನ ಕವಚದ ಸಂದಿನಲ್ಲಿ ನೆಟ್ಟಿತು. ಅರಸನು ಸಂಜೆಯವರೆಗೂ ರಥದಲ್ಲಿ ನಿಂತೇ ಇದ್ದನು, ಗಾಯದ ರಕ್ತ ರಥದ ತಳಕ್ಕೆ ಹರಿಯುತ್ತಿತ್ತು, ಹೊತ್ತು ಮುಳುಗುವಾಗ ಪ್ರಾಣ ಹೋಯಿತು. ಬಾಣ ಬಿಟ್ಟವನು ಅಷ್ಟರಲ್ಲಿ ಇನ್ನೊಂದು ಬಾಣ ಹೂಡಿರಬೇಕು. ತನ್ನ ಬಾಣ ಯಾರಿಗೆ ತಾಗಿತು, ಎಲ್ಲಿ ತಾಗಿತು, ತಾಗಿದವನು ಎಷ್ಟು ಹೊತ್ತು ನರಳಿದನು ಎಂಬುದು ಅವನಿಗೆ ತಿಳಿಯಿತೆಂದು ಸತ್ಯವೇದ ಎಲ್ಲಿಯೂ ಹೇಳುವುದಿಲ್ಲ. ಪ್ರಿಯರೇ, ಆ ಹೆಸರಿಲ್ಲದವನ ಜಾಗದಲ್ಲಿ ನಮ್ಮಲ್ಲಿ ಯಾರ ಹೆಸರನ್ನು ಬರೆದರೂ ತಪ್ಪಾಗುವುದಿಲ್ಲ.

ಜ್ಞಾನೋಕ್ತಿಗಳ 12ನೆಯ ಅಧ್ಯಾಯದ 27ನೆಯ ವಚನ ಒಬ್ಬ ಸೋಮಾರಿಯನ್ನು ಕುರಿತು ಹೇಳುತ್ತದೆ. ಅವನು ಬೇಟೆಗೆ ಹೋಗದವನಲ್ಲ. ಹೋಗಿ, ಬೇಟೆಯಾಡಿ, ಕೊನೆಯ ಕೆಲಸವನ್ನು ಮಾತ್ರ ಮಾಡದೆ ಕೈಬಿಟ್ಟವನು. ಈ ವಚನವನ್ನು ನಾವು ಸಾಮಾನ್ಯವಾಗಿ ದುಡಿಮೆಯ ಪಾಠವೆಂದು ಓದಿ ಮುಂದೆ ಹೋಗುತ್ತೇವೆ. ಇವತ್ತು ಅಲ್ಲಿ ಸ್ವಲ್ಪ ನಿಲ್ಲೋಣ. ನೋಯಿಸಿದ್ದು ಪಾಪದ ಮೊದಲರ್ಧ. ನೋಯಿಸಿ ತಿರುಗಿಯೂ ನೋಡದೆ ಮನೆಗೆ ಬಂದದ್ದು ಅದರ ಎರಡನೆಯ ಅರ್ಧ. ಮೊದಲರ್ಧಕ್ಕಾಗಿ ನಾವು ದೇವರ ಮುಂದೆ ಕಣ್ಣೀರಿಟ್ಟಿದ್ದೇವೆ. ಎರಡನೆಯದರ ಮಾತು ನಮ್ಮ ಪ್ರಾರ್ಥನೆಯಲ್ಲಿ ಬರುವುದೇ ಇಲ್ಲ.

ಬೇಟೆಯ ಮಾತು ಈ ಸೀಮೆಗೆ ಹೊಸದಲ್ಲ. ಗೋಕಾಕದ ಗುಡ್ಡಸಾಲು, ಘಟಪ್ರಭೆಯ ದಂಡೆ, ಹುಕ್ಕೇರಿ ಕಡೆಯ ಮಡ್ಡಿ, ಮೂಡಲಗಿಯ ಎರೆ ಹೊಲ, ಇಲ್ಲೆಲ್ಲ ಒಂದು ಕಾಲಕ್ಕೆ ಮಿಕ ಓಡಾಡಿದೆ, ಮಿಕದ ಹಿಂದೆ ಮನುಷ್ಯರು ಓಡಾಡಿದ್ದಾರೆ. ಇವತ್ತು ಶಿಕಾರಿ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಿಲ್ಲಿನಿಂದಾಗಲಿ, ಬಂದೂಕಿನಿಂದಾಗಲಿ, ಉರುಲಿನಿಂದಾಗಲಿ ಕಾಡುಮೃಗವನ್ನು ಕೊಲ್ಲುವ ಹಕ್ಕು ನಮಗಾರಿಗೂ ಇಲ್ಲ. ನಮ್ಮ ಧುಪದಾಳದ ಹಿನ್ನೀರು 1974ರಿಂದ ಪಕ್ಷಿಧಾಮವಾಗಿದೆ; ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗೆಂದೇ ಒಂದು ವನ್ಯಧಾಮವಿದೆ. ಆದುದರಿಂದ ನಾನು ಬೇಟೆಯ ವಿದ್ಯೆಯ ಮಾತೆತ್ತಿದೆನೆಂದು ನಮ್ಮ ಹುಡುಗರು ಯಾರೂ ಗುಡ್ಡದ ಕಡೆ ನೋಡಬೇಡಿರಿ. ಕಬ್ಬಿನ ಪಡಕ್ಕೆ ಹಂದಿ ನುಗ್ಗುತ್ತದೆಂದು ತಂತಿಯ ಉರುಲು ಕಟ್ಟುವವರಿಗೂ, ಸಿಡಿಮದ್ದಿನ ಉಂಡೆ ಇಡುವವರಿಗೂ, ಬೇಲಿಗೆ ಕರೆಂಟು ಹರಿಸುವವರಿಗೂ ಹೇಳುವುದು ಇದನ್ನೇ. ಬೆಳೆಯ ನಷ್ಟ ನಿಜ; ಅದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವ ದಾರಿಯಿದೆ. ಬಿಲ್ಲುಗಾರನು ತಾನು ಹೊಡೆದ ಮಿಕವನ್ನು ಕಣ್ಣಿನಿಂದಾದರೂ ಕಂಡಿರುತ್ತಾನೆ. ಉರುಲು ಕಟ್ಟಿದವನು ಮನೆಯಲ್ಲಿ ಮಲಗಿರುತ್ತಾನೆ, ಕಾಲು ಸಿಕ್ಕಿಕೊಂಡ ಪ್ರಾಣಿ ರಾತ್ರಿಯೆಲ್ಲ ತಂತಿ ಎಳೆಯುತ್ತಿರುತ್ತದೆ. ಆ ತಂತಿಗೆ ಹಂದಿಯೂ ಬೀಳಬಹುದು, ಪಕ್ಕದ ಹೊಲದವನ ಎಮ್ಮೆಯೂ ಬೀಳಬಹುದು, ನೀರು ಹಾಯಿಸಲು ಬಂದ ಕೂಸೂ ಬೀಳಬಹುದು.

ಬಿಲ್ಲುಬೇಟೆಯ ವಿದ್ಯೆಯನ್ನು ತಲೆಮಾರುಗಳಿಂದ ಬಲ್ಲವರು ನಮ್ಮ ಬೇಡ ಬಂಧುಗಳು. ಅವರ ಚರಿತ್ರೆಯಲ್ಲಿಯೂ ಯಾರೂ ತಿರುಗಿ ಬಂದು ನೋಡದ ಒಂದು ಗಾಯವಿದೆ. ಮುಧೋಳ ತಾಲ್ಲೂಕಿನ ಹಲಗಲಿ ಇಲ್ಲಿಂದ ದೂರವಲ್ಲ. 1857ರಲ್ಲಿ ಕಂಪನಿ ಸರಕಾರ ಎಲ್ಲರೂ ಆಯುಧ ಒಪ್ಪಿಸಬೇಕೆಂದು ಕಾಯ್ದೆ ತಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧವೇ ಅವರ ಅನ್ನ, ಆಯುಧವೇ ಅವರ ಮಾನ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ ಸೆರೆ ಸಿಕ್ಕವರನ್ನು ಗಲ್ಲಿಗೇರಿಸಿದರು. ದಂಡು ಹೊರಟುಹೋಯಿತು, ಹೊರಟವರು ಸುಟ್ಟ ಊರನ್ನು ಮತ್ತೆ ನೋಡಲು ಬರಲಿಲ್ಲ. ಆ ರಕ್ತದ ಜಾಡನ್ನು ಕಾಪಾಡಿದವರು ಲಾವಣಿಕಾರರು. ಅವರು ಊರೂರಿಗೆ ಹಾಡಿಕೊಂಡು ಹೋಗಿದ್ದರಿಂದ ಆ ಬೇಡರ ಜಡಗ ಬಾಲರ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ. ಗಾಯ ಮಾಡಿದವರು ಮರೆತರೂ ಮಣ್ಣು ಮರೆಯುವುದಿಲ್ಲವೆಂದು ಆದಿಕಾಂಡ ಬಲ್ಲದು. ಹೇಬೆಲನ ರಕ್ತ ನೆಲದೊಳಗಿಂದ ಕೂಗಿತಲ್ಲವೇ?

ಇನ್ನು ಆ ವಿದ್ಯೆಗೆ ಬರುತ್ತೇನೆ. ಬಿಲ್ಲಿನ ಬೇಟೆಗೂ ಬಂದೂಕಿನ ಬೇಟೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬಂದೂಕಿನ ಗುಂಡು ತಾಗಿದ ಪೆಟ್ಟಿಗೇ ಮೃಗ ಅಲ್ಲೇ ಉರುಳುವುದುಂಟು. ಬಾಣ ಹಾಗಲ್ಲ. ಬಾಣದ ಅಲಗು ಒಳಗನ್ನು ಸೀಳುತ್ತದೆ, ಮೃಗ ರಕ್ತ ಹರಿದು ಸಾಯುತ್ತದೆ. ಬಾಣ ತಾಗಿದ ಮಿಕ ಓಡಿಯೇ ಓಡುತ್ತದೆ. ಕೆಲವೊಮ್ಮೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಆದುದರಿಂದ ಬಿಲ್ಲುಗಾರನ ನಿಜವಾದ ಕೆಲಸ ಶುರುವಾಗುವುದು ಹೆದೆಯಿಂದ ಬೆರಳು ಬಿಟ್ಟ ಮೇಲೆ. ಬಲ್ಲವನು ಬಾಣ ಬಿಟ್ಟ ಕೂಡಲೇ ಓಡುವುದಿಲ್ಲ, ಕೂಗುವುದಿಲ್ಲ. ನಿಂತಲ್ಲೇ ನಿಂತು ಎರಡು ಗುರುತು ಇಟ್ಟುಕೊಳ್ಳುತ್ತಾನೆ: ಬಾಣ ತಾಗುವಾಗ ಮಿಕ ಎಲ್ಲಿ ನಿಂತಿತ್ತು, ಕಣ್ಣಿಗೆ ಕೊನೆಯ ಬಾರಿ ಕಂಡದ್ದು ಎಲ್ಲಿ. ಆ ಜಾಲಿ ಕಂಟಿಯ ಬಲಕ್ಕೋ, ಆ ಕರಿಕಲ್ಲಿನ ಹಿಂದಕ್ಕೋ? ಹತ್ತು ಹೆಜ್ಜೆ ನಡೆದರೆ ನೆಲದ ಚಹರೆಯೇ ಬದಲಾಗುತ್ತದೆ, ಗುರುತಿಡದವನಿಗೆ ಎಲ್ಲ ಕಂಟಿಯೂ ಒಂದೇ. ಪ್ರಿಯರೇ, ನಮ್ಮ ಪಶ್ಚಾತ್ತಾಪ ಬಹಳ ಸಲ ಇಲ್ಲಿಯೇ ಸೋಲುತ್ತದೆ. ಕರ್ತನೇ, ನಾನು ಪಾಪಿ ಎನ್ನುತ್ತೇವೆ. ನಿಜ. ಆದರೆ ಯಾವ ದಿನ, ಯಾರ ಮುಂದೆ, ಯಾವ ಮಾತನ್ನು ಆಡಿದೆವು? ಅವಳ ಮುಖ ಕಂದಿದ್ದು ಯಾವ ಮಾತಿಗೆ? ತಮ್ಮನು ಊಟ ಬಿಟ್ಟೆದ್ದು ಹೋದದ್ದು ವಾಟ್ನಿಯ ಯಾವ ಲೆಕ್ಕ ಹೇಳಿದಾಗ? ಹೊಲದ ಬಾಂದು ಕಲ್ಲು ಒತ್ತಿದ್ದು ಎಷ್ಟು ಮೊಳ? ಗುರುತಿಲ್ಲದ ಪಶ್ಚಾತ್ತಾಪ ಅಡವಿಯಲ್ಲಿ ಅಲೆಯುತ್ತದೆ.

ಗುರುತಿಟ್ಟ ಮೇಲೆ ಬಲ್ಲವನು ಬಾಣವನ್ನು ಹುಡುಕಿ ಕೈಗೆತ್ತಿಕೊಳ್ಳುತ್ತಾನೆ, ಏಕೆಂದರೆ ಬಾಣ ಸುಳ್ಳು ಹೇಳುವುದಿಲ್ಲ. ಅದಕ್ಕೆ ಹತ್ತಿದ ರಕ್ತ ಕೆಂಪಗೆ ನೊರೆನೊರೆಯಾಗಿದ್ದರೆ ಪೆಟ್ಟು ಶ್ವಾಸಕೋಶಕ್ಕೆ ಬಿದ್ದಿದೆ, ಮಿಕ ಹತ್ತಿರದಲ್ಲಿಯೇ ಬಿದ್ದಿರುತ್ತದೆ. ರಕ್ತ ಕಪ್ಪುಗೆಂಪಾಗಿದ್ದರೆ ಯಕೃತ್ತಿಗೆ ತಾಗಿದೆ, ತಾಸುಗಟ್ಟಲೆ ಕಾಯಬೇಕು. ಹಸಿರು ಲೋಳೆ ಹತ್ತಿ, ನಾರುತ್ತಾ, ಮೇವಿನ ಎಸಳು ಅಂಟಿದ್ದರೆ ಬಾಣ ಹೊಟ್ಟೆಗೆ ಹೋಗಿದೆ. ಆಗ ಅರ್ಧ ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಬೇಕು. ಆ ಮಿಕ ದೂರ ಹೋಗದೆ ದಟ್ಟ ಪೊದೆ ನೋಡಿಕೊಂಡು ಮಲಗಿರುತ್ತದೆ. ಆತುರಪಟ್ಟು ಬೆನ್ನಟ್ಟಿದರೆ ಇದ್ದಬದ್ದ ಬಲವನ್ನೆಲ್ಲ ಕೂಡಿಸಿಕೊಂಡು ಎದ್ದು ಓಡುತ್ತದೆ, ಕರುಳಿನ ಗಾಯದಿಂದ ರಕ್ತ ಹೊರಗೆ ಹೆಚ್ಚು ಬೀಳುವುದಿಲ್ಲ, ಜಾಡು ಕಡಿಯುತ್ತದೆ. ಮಿಕ ಎಲ್ಲೋ ಒಂದು ಕಡೆ ಒಂಟಿಯಾಗಿ ಎರಡು ದಿನ ನರಳಿ ಸಾಯುತ್ತದೆ.

ಇದನ್ನು ನಾನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಕ್ಷಮೆ ಕೇಳುವ ಆತುರವೂ ಒಂದು ಬಗೆಯ ಬೆನ್ನಟ್ಟುವಿಕೆಯೇ. ಗಂಡನು ರಾತ್ರಿ ಕುಡಿದು ಕೈ ಮಾಡುತ್ತಾನೆ, ಬೆಳಗ್ಗೆ ಕಾಲು ಹಿಡಿಯುತ್ತಾನೆ, ತಪ್ಪಾಯಿತು ಎನ್ನುತ್ತಾನೆ, ಕ್ಷಮಿಸಿದೆನೆಂದು ಈಗಲೇ ಹೇಳು ಎನ್ನುತ್ತಾನೆ. ಅವನು ಹುಡುಕುತ್ತಿರುವುದು ಅವಳ ಗಾಯವನ್ನಲ್ಲ, ತನ್ನ ನಿದ್ದೆಯನ್ನು. ಅವಳು ಪೊದೆಯಲ್ಲಿ ಮಲಗಿದ್ದಾಳೆ. ಅವನ ಹೆಜ್ಜೆಯ ಸಪ್ಪಳಕ್ಕೆ ಎದ್ದು ಮತ್ತೂ ದೂರ ಓಡುತ್ತಾಳೆ. ಮೇಲುಮೇಲಿನ ಗಾಯಕ್ಕೆ ಇವತ್ತೇ ಹೋಗಿರಿ, ಸೂರ್ಯ ಮುಳುಗುವ ಮೊದಲೇ ಹೋಗಿರಿ. ಕರುಳಿಗೆ ತಾಗಿದ ಗಾಯಕ್ಕೆ ತಾಳ್ಮೆ ಬೇಕು. ತಾಳ್ಮೆಯೆಂದರೆ ಮರೆತು ಕೂರುವುದಲ್ಲ ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ. ಮಳೆ ಬಂದರೆ ರಕ್ತ ತೊಳೆದುಹೋಗುತ್ತದೆ, ಇರುವೆ ನೊಣ ಮುತ್ತಿ ಕುರುಹು ಅಳಿಯುತ್ತದೆ. ಕಾಯುವ ಬಿಲ್ಲುಗಾರನು ಮನೆಗೆ ಹೋಗಿ ಉಂಡು ಮಲಗುವುದಿಲ್ಲ, ಜಾಡಿನ ಬಾಯಲ್ಲಿಯೇ ಕುಳಿತಿರುತ್ತಾನೆ. ನೀವು ಕಾಯುವ ದಿನಗಳಲ್ಲಿ ಕುಡಿತ ಬಿಡಿರಿ, ಸಾಲದ ಕಂತು ಕಟ್ಟಿರಿ, ಮಕ್ಕಳ ಫೀ ತುಂಬಿರಿ, ಬಾಯಿ ಕಟ್ಟಿರಿ. ನಿಮ್ಮ ಪಶ್ಚಾತ್ತಾಪಕ್ಕೆ ಅವಳು ಸಾಕ್ಷಿ ಹೇಳುವ ಮೊದಲು ನಿಮ್ಮ ಓಣಿ ಹೇಳಲಿ.

ಹೊತ್ತು ಬಂದಾಗ ಜಾಡು ಹಿಡಿಯುವುದು ಹೇಗೆ? ಬಲ್ಲವನು ಜಾಡಿನ ಮೇಲೆ ನಡೆಯುವುದಿಲ್ಲ, ಜಾಡಿನ ಪಕ್ಕಕ್ಕೆ ನಡೆಯುತ್ತಾನೆ. ಕಾಲಿನಡಿ ಕುರುಹು ಕೆಟ್ಟರೆ ಹಿಂದಿರುಗಿ ನೋಡಲು ಏನೂ ಉಳಿಯುವುದಿಲ್ಲ. ನಾವಾದರೋ ನೊಂದವರ ಮನೆಗೆ ಹೋಗಿ ಮೊದಲು ನಮ್ಮ ಸಮಜಾಯಿಷಿಯನ್ನೇ ಹರಡುತ್ತೇವೆ. ನಾನು ಹಾಗೆ ಅಂದದ್ದು ಆ ಅರ್ಥದಲ್ಲಿ ಅಲ್ಲ, ಆ ಹೊತ್ತು ನನ್ನ ತಲೆ ಕೆಟ್ಟಿತ್ತು, ನೀನೂ ಸುಮ್ಮನಿರಲಿಲ್ಲವಲ್ಲ. ಹೀಗೆ ಒಂದೊಂದೇ ಹನಿಯನ್ನು ನಾವೇ ತುಳಿದು ಹಾಕುತ್ತೇವೆ. ಬಲ್ಲವನು ಪ್ರತಿ ಹನಿಯ ಹತ್ತಿರ ಒಂದು ಕಡ್ಡಿ ನೆಡುತ್ತಾನೆ, ಇಲ್ಲವೆ ಬಟ್ಟೆಯ ಚೂರು ಕಟ್ಟುತ್ತಾನೆ. ಒಬ್ಬನು ಕೊನೆಯ ಹನಿಯ ಬಳಿ ನಿಲ್ಲುತ್ತಾನೆ, ಇನ್ನೊಬ್ಬನು ಮುಂದೆ ಹುಡುಕುತ್ತಾನೆ. ರಕ್ತ ನೆಲದ ಮೇಲಷ್ಟೇ ಇರುವುದಿಲ್ಲ. ಮಿಕದ ಪಕ್ಕೆ ಸವರಿದ ಹುಲ್ಲಿನ ದಂಟಿನಲ್ಲಿ, ಎಲೆಯ ಒಳಮೈಯಲ್ಲಿ, ಮೊಣಕಾಲಿನ ಎತ್ತರಕ್ಕೆ ಇರುತ್ತದೆ. ಎರೆ ಮಣ್ಣಿನಲ್ಲಿ ಒಣಗಿದ ಹನಿ ಕಣ್ಣಿಗೆ ಹತ್ತುವುದಿಲ್ಲ. ಬೆರಳು ಒದ್ದೆ ಮಾಡಿ ಒತ್ತಿದರೆ ಮಾತ್ರ ಕೆಂಪು ಬೆರಳಿಗೆ ಬರುತ್ತದೆ. ಹನಿ ಚಿಮ್ಮಿದ ಬಾಲ ಯಾವ ಕಡೆಗಿದೆಯೋ ಮಿಕ ಆ ಕಡೆ ಓಡಿದೆ. ನಿಂತು ನೋಡುವವನಿಗೆ ಇದಾವುದೂ ಕಾಣುವುದಿಲ್ಲ. ಮೊಣಕಾಲೂರಿದವನಿಗೆ ಕಾಣುತ್ತದೆ. ಸಭೆಯಲ್ಲಿ ಮೊಣಕಾಲೂರುವುದು ನಮಗೆ ರೂಢಿ. ನೊಂದವರ ಅಂಗಳದಲ್ಲಿ ಊರುವುದೂ ಆರಾಧನೆಯೇ.

ಇಲ್ಲಿ ಮುಧೋಳದ ನಾಯಿಯ ಮಾತನ್ನೂ ಹೇಳದೆ ಹೋಗಲಾರೆ, ನಮ್ಮ ಪಕ್ಕದ ಊರಿನ ಹೆಮ್ಮೆಯದು. ತೆಳ್ಳಗಿನ ಮೈ, ನೀಳ ಕಾಲು, ಗಾಳಿಯಂಥ ಓಟ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ, ಬಯಲಿನಲ್ಲಿ ಓಡುವ ಮೊಲವನ್ನು ಕಣ್ಣಿನಲ್ಲಿ ಹಿಡಿದು ಅಟ್ಟುತ್ತದೆ. ಜರ್ಮನಿಯಲ್ಲಿ ಬೇರೆಯೇ ಜಾತಿಯ ನಾಯಿಗಳಿವೆ. ಬೇಟೆಗೆ ಪರವಾನಗಿ ಇರುವ ಆ ದೇಶದಲ್ಲಿ ಗಾಯಗೊಂಡ ಮೃಗವನ್ನು ಹುಡುಕದೆ ಬಿಡುವುದು ಬೇಟೆಗಾರನಿಗೆ ಕರ್ತವ್ಯಲೋಪ. ಅದಕ್ಕಾಗಿಯೇ ಬೆಳೆಸಿದ ತಳಿಗಳು ಉದ್ದನೆಯ ಹಗ್ಗದ ತುದಿಯಲ್ಲಿ, ಮೂಗು ನೆಲಕ್ಕಿಟ್ಟು, ಗಂಟೆಗಟ್ಟಲೆ ಹಳೆಯದಾದ ಜಾಡನ್ನೂ ಹೆಜ್ಜೆ ಹೆಜ್ಜೆಯಾಗಿ ಬಿಡಿಸುತ್ತವೆ. ಅವು ಓಡುವುದಿಲ್ಲ. ನಮ್ಮ ಭಕ್ತಿಯಲ್ಲಿ ಓಟ ಸಾಕಷ್ಟಿದೆ ಸಹೋದರರೇ. ಉಜ್ಜೀವನ ಕೂಟಗಳಲ್ಲಿ ನಾವು ಬಹಳ ಚೆನ್ನಾಗಿ ಓಡುತ್ತೇವೆ. ನಮಗೆ ಕಡಿಮೆಯಾಗಿರುವುದು ಮೂಗನ್ನು ನೆಲಕ್ಕಿಡುವ ದೀನತೆ.

ನಾಯಿಯ ಮಾತು ಬಂದುದರಿಂದ ಇನ್ನೊಂದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ವೀರಗಲ್ಲಿತ್ತು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವೆಂದು ಅದರಲ್ಲಿ ಕೊರೆದಿದ್ದಾರೆ. ನಾಯಿಗೂ ಕಲ್ಲು ನಿಲ್ಲಿಸಿದ ನಾಡು ಇದು, ದೊಡ್ಡ ಮಾತು. ಹಂದಿಗೆ ಮಾತ್ರ ಹೆಸರಿಲ್ಲ. ಬೇಟೆಯ ಕಥೆಯನ್ನು ಬೇಟೆಗಾರನ ಕಡೆಯವರೇ ಬರೆಯುತ್ತಾರೆ. ನಮ್ಮ ಮನೆಯ ಜಗಳದ ಕಥೆಯನ್ನೂ ಗೆದ್ದವರೇ ಹೇಳುತ್ತಾ ಬಂದಿದ್ದಾರೆ. ಸೊಸೆ ಹೇಳುವ ಕಥೆಯನ್ನು, ಪಾಲು ಸಿಗದ ತಂಗಿ ಹೇಳುವ ಕಥೆಯನ್ನು, ಕಬ್ಬು ಕಡಿಯಲು ಬಂದು ಕೂಲಿ ಪೂರಾ ಸಿಗದೆ ಹೋದವರ ಕಥೆಯನ್ನು ಕೇಳಿದವರು ಯಾರು? ದೇವರು ಕೇಳುತ್ತಾನೆ. ಕೊಲೆಯಾದ ಮೇಲೆ ಕಾಯಿನನನ್ನು ಆತನು ಮೊದಲು ಕೇಳಿದ್ದು ನೀನು ಏನು ಮಾಡಿದೆ ಎಂದಲ್ಲ, ನಿನ್ನ ತಮ್ಮ ಎಲ್ಲಿ ಎಂದು.

ಜಾಡು ತಪ್ಪಿದರೆ ಏನು ಮಾಡಬೇಕು? ಇದು ಎಲ್ಲ ಬಿಲ್ಲುಗಾರರಿಗೂ ಬರುವ ಗಳಿಗೆ. ರಕ್ತ ಇದ್ದಕ್ಕಿದ್ದ ಹಾಗೆ ನಿಲ್ಲುತ್ತದೆ, ಹತ್ತು ದಾರಿ ಕಾಣುತ್ತದೆ. ಎಳೆಯನು ಅಂದಾಜಿನ ಮೇಲೆ ಮುಂದಕ್ಕೆ ಓಡುತ್ತಾನೆ. ಬಲ್ಲವನು ಕಡ್ಡಿ ನೆಟ್ಟ ಕೊನೆಯ ಹನಿಗೆ ಹಿಂದಿರುಗಿ, ಅದನ್ನೇ ನಡುವಾಗಿಟ್ಟುಕೊಂಡು ಸುತ್ತು ಹಾಕುತ್ತಾನೆ, ಮೊದಲು ಸಣ್ಣ ಸುತ್ತು, ಆಮೇಲೆ ದೊಡ್ಡ ಸುತ್ತು. ನಮ್ಮ ಕರ್ತನು ಪೇತ್ರನನ್ನು ನಡೆಸಿಕೊಂಡದ್ದು ಹೀಗೆಯೇ. ಮಹಾಯಾಜಕನ ಅಂಗಳದ ಕೆಂಡದ ಬೆಂಕಿಯ ಬಳಿ ಪೇತ್ರನು ಮೂರು ಬಾರಿ ಅಲ್ಲಗಳೆದನು. ಯೋಹಾನನ 21ನೆಯ ಅಧ್ಯಾಯದಲ್ಲಿ ಎದ್ದುಬಂದ ಕರ್ತನು ಸಮುದ್ರದ ದಡದಲ್ಲಿ ಮತ್ತೆ ಕೆಂಡದ ಬೆಂಕಿಯನ್ನೇ ಹಾಕಿ ಕುಳಿತಿದ್ದಾನೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮತ್ತೆ ಮೂರು ಬಾರಿಯೇ ಕೇಳುತ್ತಾನೆ. ಮೂರನೆಯ ಸಲ ಕೇಳಿದಾಗ ಪೇತ್ರನಿಗೆ ವ್ಯಥೆಯಾಯಿತು. ಆಗಲೇಬೇಕಿತ್ತು. ಕೊನೆಯ ಹನಿ ಬಿದ್ದ ಜಾಗಕ್ಕೇ ಅವನನ್ನು ಕರೆದುಕೊಂಡು ಹೋಗಿ, ಅಲ್ಲಿಂದಲೇ ಹೊಸ ದಾರಿ ತೋರಿಸಿದನು. ಹತ್ತು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರೇ, ಮದುವೆಯಲ್ಲಿ ಎದುರಾದಾಗ ಚೆನ್ನಾಗಿದ್ದೀಯಾ ಎಂದು ತೇಲಿಸಿದರೆ ಜಾಡು ಸಿಗುವುದಿಲ್ಲ. ಬಾಂದು ಕಲ್ಲಿನ ಹತ್ತಿರವೇ ಹೋಗಿ ನಿಲ್ಲಿರಿ.

ಜೀವನ ಹೀಗೆ ಬದಲಾಗಬಲ್ಲದೇ ಎಂದು ಕೇಳುವವರು ಸುಂಕದವನಾದ ಜಕ್ಕಾಯನನ್ನು ನೋಡಿರಿ. ಯೇಸು ಅವನ ಮನೆಗೆ ಅತಿಥಿಯಾಗಿ ಬಂದನು. ಕೃಪೆ ಮೊದಲೇ ಬಂದಿತ್ತು. ಜಕ್ಕಾಯನು ಅದನ್ನು ಹಣ ಕೊಟ್ಟು ಕೊಳ್ಳಲಿಲ್ಲ. ಆದರೆ ಕೃಪೆ ಒಳಗೆ ಬಂದ ಕೂಡಲೇ ಅವನ ಕಣ್ಣು ಲೆಕ್ಕದ ಪುಸ್ತಕದ ಕಡೆ ತಿರುಗಿತು. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಸಿದದ್ದಕ್ಕೆ ನಾಲ್ಕರಷ್ಟು. ನಾಲ್ಕರಷ್ಟು ಹಿಂದಿರುಗಿಸಬೇಕಾದರೆ ಮನೆಮನೆಗೆ ಹೋಗಬೇಕಲ್ಲವೇ? ಯಾರಿಂದ ಎಷ್ಟು ತೆಗೆದೆನೆಂದು ನೆನಪು ಮಾಡಿಕೊಳ್ಳಬೇಕಲ್ಲವೇ? ಯೆರಿಕೋವಿನ ಓಣಿಗಳಲ್ಲಿ ಆ ಗಿಡ್ಡ ಮನುಷ್ಯನು ಕೈಚೀಲ ಹಿಡಿದು ಒಂದೊಂದು ಬಾಗಿಲು ತಟ್ಟುವುದನ್ನು ನೆನೆಯಿರಿ. ಕೆಲವರು ಬಾಗಿಲು ತೆರೆದಿರಬಹುದು, ಕೆಲವರು ಬೈದು ಕಳಿಸಿರಬಹುದು. ರಕ್ಷಣೆ ಅವನ ಮನೆಗೆ ಬಂದಾಗಿತ್ತು. ಅದಕ್ಕೇ ಅವನಿಗೆ ಬೈಗುಳಕ್ಕೆ ಅಂಜುವ ಅಗತ್ಯವಿರಲಿಲ್ಲ.

ಈಗ ನಿಮ್ಮ ಕಡೆ ತಿರುಗುತ್ತೇನೆ, ಬಾಣ ತಾಗಿಸಿಕೊಂಡವರೇ. ಈ ಉಪದೇಶವನ್ನು ಇಷ್ಟು ಹೊತ್ತು ನೀವು ಬೇರೆ ರೀತಿಯಲ್ಲಿ ಕೇಳಿರುತ್ತೀರಿ. ನಿಮ್ಮನ್ನು ನೋಯಿಸಿದವರು ಜಾಡು ಹಿಡಿದು ಬಂದರೆ ನೀವು ಪೊದೆಯಿಂದ ಹೊರಗೆ ಬರಲೇಬೇಕೆಂದು ನಾನು ಹೇಳುವುದಿಲ್ಲ. ಕ್ಷಮೆ ದೇವರ ಆಜ್ಞೆ, ನಿಜ. ಅದು ದೇವರು ನಿಮ್ಮೊಳಗೆ ಮಾಡುವ ಕೆಲಸವೂ ಹೌದು, ಆ ಕೆಲಸಕ್ಕೆ ಆತನು ಹೊತ್ತು ತೆಗೆದುಕೊಳ್ಳುತ್ತಾನೆ. ಪೆಟ್ಟು ತಿಂದ ಹೆಣ್ಣುಮಗಳನ್ನು ಮತ್ತೆ ಪೆಟ್ಟು ಬೀಳುವ ಮನೆಗೆ ನೂಕುವುದು ಸಭೆಯ ಕೆಲಸವಲ್ಲ. ಅವಳ ತೌರಿನವರೂ, ಸಭಾಹಿರಿಯರೂ, ಬೇಕಾದರೆ ಪೊಲೀಸರೂ ಅವಳ ಮತ್ತು ಆ ಬಿಲ್ಲಿನ ನಡುವೆ ನಿಲ್ಲಬೇಕು. ನೊಂದ ಜಿಂಕೆ ನೀರಿನ ಕಡೆಗೆ ಹೋಗುವುದನ್ನು ಬೇಟೆಗಾರರು ಬಲ್ಲರು. ನೀರಿಗಾಗಿ ಬಾಯ್ದೆರೆಯುವ ಆ ಜೀವವನ್ನು 42ನೆಯ ಕೀರ್ತನೆ ಹಾಡಿದವನೂ ಬಲ್ಲನು, ತನ್ನ ಪ್ರಾಣವನ್ನು ಅದರಲ್ಲಿ ಕಂಡನು. ನೀವು ಆ ನೀರಿನ ಕಡೆಗೆ ಹೋಗಿರಿ. ಅಲ್ಲಿ ನಿಮ್ಮನ್ನು ಕಾದು ಕುಳಿತಿರುವವನ ಕೈಯಲ್ಲಿ ಬಿಲ್ಲಿಲ್ಲ.

ಏಕೆಂದರೆ ಜಾಡು ಹಿಡಿಯುವವರಲ್ಲಿ ಮೊದಲಿಗನು ನಮ್ಮ ದೇವರೇ. ಏದೆನಿನ ಮರಗಳ ನಡುವೆ ಅಡಗಿದವನನ್ನು ಎಲ್ಲಿದ್ದೀಯೆಂದು ಕೇಳುತ್ತಾ ಬಂದವನು ಆತನು. ತೊಂಬತ್ತೊಂಬತ್ತನ್ನು ಬಿಟ್ಟು ಒಂದರ ಹಿಂದೆ, ಸಿಕ್ಕುವ ತನಕ ಹೋದವನು ಆತನು. ಬೇಟೆಗಾರನ ವಿದ್ಯೆ ಎಷ್ಟು ದೊಡ್ಡದಾದರೂ ಅದರ ಕೊನೆಯಲ್ಲಿರುವುದು ಚೂರಿ. ಅವನ ಕರುಣೆಯೂ ನರಳಾಟವನ್ನು ಬೇಗ ಮುಗಿಸುವಷ್ಟರದು. ಕ್ರಿಸ್ತನು ಜಾಡು ಹಿಡಿದು ಬಂದು ಸೇರುವುದು ಕಟ್ಟು ಕಟ್ಟುವುದಕ್ಕೆ. ಆತನು ಬರುವ ದಾರಿಯಲ್ಲಿಯೂ ರಕ್ತದ ಹನಿಗಳಿವೆ, ಅವು ಆತನವೇ. ಗೆತ್ಸೇಮನೆಯ ಮಣ್ಣಿನ ಮೇಲೆ ಬೆವರಿನೊಡನೆ ಬಿದ್ದವು, ಈಟಿ ತಿವಿದ ಪಕ್ಕೆಯಿಂದ ಬಿದ್ದವು. ಇಬ್ರಿಯರಿಗೆ ಬರೆದ ಪತ್ರ ಆ ರಕ್ತ ಹೇಬೆಲನ ರಕ್ತಕ್ಕಿಂತ ಒಳ್ಳೆಯದನ್ನು ಮಾತಾಡುತ್ತದೆಂದು ಸಾರುತ್ತದೆ. ಹೇಬೆಲನ ರಕ್ತ ನ್ಯಾಯಕ್ಕಾಗಿ ಕೂಗಿತು; ಕ್ರಿಸ್ತನ ರಕ್ತ ಕಾಯಿನನಿಗೂ ಮನೆಗೆ ಬರುವ ದಾರಿಯಿದೆ ಎನ್ನುತ್ತದೆ. ಹೊಡೆದವನಿಗೂ ಆತನು ಬೇಕು, ಹೊಡೆಸಿಕೊಂಡವನಿಗೂ ಆತನು ಬೇಕು. ನಮ್ಮಲ್ಲಿ ಹೆಚ್ಚಿನವರು ಬೆಳಗ್ಗೆ ಒಂದು, ಸಂಜೆ ಇನ್ನೊಂದು ಆಗಿರುತ್ತೇವೆ.

ಆದುದರಿಂದ ಪ್ರಿಯರೇ, ಎದ್ದು ಹೊರಡಿರಿ. ಬರುವ ಭಾನುವಾರ ಕರ್ತನ ಭೋಜನವಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಇಟ್ಟು, ಮೊದಲು ಸಹೋದರನ ಹತ್ತಿರ ಹೋಗಿ ಬಾ ಎಂದು ಮತ್ತಾಯನ 5ನೆಯ ಅಧ್ಯಾಯದಲ್ಲಿ ಕರ್ತನು ಹೇಳಿದ್ದನ್ನು ನಾವು ಪ್ರತಿ ವರ್ಷ ಓದುತ್ತೇವೆ, ಈ ವಾರ ಮಾಡೋಣ. ಒಂದೇ ಹೆಸರನ್ನು ಬರೆದುಕೊಳ್ಳಿರಿ. ಹಣದ ಲೆಕ್ಕವಿದ್ದರೆ ಹಣವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿರಿ, ಆಮೇಲೆ ಕೊಡುತ್ತೇನೆಂಬ ಮಾತು ಬೇಡ. ವಾಟ್ಸಾಪಿನಲ್ಲಿ ಹತ್ತು ಜನರ ಮುಂದೆ ಹೊಡೆದ ಬಾಣವಾದರೆ ಕ್ಷಮೆಯನ್ನೂ ಆ ಹತ್ತು ಜನರ ಮುಂದೆಯೇ ಕೇಳಿರಿ. ಹೋದ ಮನೆಯಲ್ಲಿ ಮೊದಲು ಮಾತಾಡುವವರು ನೀವಾಗಬೇಡಿರಿ. ಕೇಳಿರಿ, ಪೂರ್ತಿ ಕೇಳಿರಿ, ಬೈದರೆ ಬೈಸಿಕೊಳ್ಳಿರಿ. ಬಾಗಿಲು ತೆರೆಯದಿದ್ದರೆ ಅಂಗಳದಲ್ಲಿ ಗದ್ದಲ ಮಾಡದೆ, ಬಂದಿದ್ದೆನೆಂದು ಮಾತ್ರ ತಿಳಿಸಿ ಬನ್ನಿರಿ, ತಿಂಗಳು ಬಿಟ್ಟು ಮತ್ತೆ ಹೋಗಿರಿ. ನಿಮ್ಮ ಕೈಯಿಂದ ಪೆಟ್ಟು ತಿಂದವಳ ಮನೆಗಾದರೆ ನೀವಾಗಿ ಹೋಗಬೇಡಿರಿ; ಮೊದಲು ನನ್ನ ಹತ್ತಿರ ಬನ್ನಿರಿ, ಅವಳು ಒಪ್ಪಿದ ದಿನಕ್ಕೆ ನೋಡೋಣ. ಒಬ್ಬರೇ ಹೋಗಲು ಅಂಜುವವರು ಇವತ್ತು ಆರಾಧನೆ ಮುಗಿದ ಕೂಡಲೇ ಸಭಾಹಿರಿಯರಲ್ಲಿ ಯಾರಿಗಾದರೂ ಹೇಳಿರಿ. ಬುಧವಾರವೂ ಗುರುವಾರವೂ ಸಂಜೆ ಅವರು ನಿಮ್ಮ ಜೊತೆಗೆ ಬರುತ್ತಾರೆ. ಹುಕ್ಕೇರಿ ಕಡೆಯ ಹಳ್ಳಿಗಳಿಗೆ ಹೋಗಬೇಕಾದವರು ಬಸ್ಸಿನ ಹೊತ್ತು ನೋಡಿಕೊಂಡು ಮಧ್ಯಾಹ್ನವೇ ಹೊರಡಿರಿ.